ಶಾಂತಾರಾಮ ಆಚಾರಿಯ ಬೇಟೆಚೂರಿ

ಬಸ್ಸು ಅವರ್ಸಾ ದಾಟುವ ಹೊತ್ತಿಗೆ ಪಕ್ಕದಲ್ಲಿ ಕೂತಿದ್ದ ಹೆಂಗಸು, "ಚೀಲದೊಳಗೆ ಕೋಳಿ ಅದೆಯಾ?" ಎಂದು ಕೇಳಿದಳು. ಶಾಂತಾರಾಮ ಆಚಾರಿ ತನ್ನ ತೊಡೆಯ ಮೇಲಿದ್ದ ಬಟ್ಟೆಚೀಲವನ್ನು ನೋಡಿದ. ಚೀಲ ಅಲುಗುತ್ತಿತ್ತು. ಒಳಗೆ ಜೀವವಿರುವ ಯಾವುದೋ ರೆಕ್ಕೆ ಒದರಿದ ಹಾಗೆ, ಒಂದಿಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಒದರಿದ ಹಾಗೆ. ಅದರ ಮೇಲೆ ಅವನ ಬಲಗೈ ಇತ್ತು. "ಹೌದು, ಕೋಳಿ," ಎಂದ. ಹೆಂಗಸಿಗೆ ಸಮಾಧಾನವಾಯಿತು. ನಾಟಿಕೋಳಿಯೋ, ಯಾರ ಮನೆಗೆ, ಬಿಸಿಲಲ್ಲಿ ಹೀಗೆ ಬಾಯಿ ಕಟ್ಟಿ ಒಯ್ದರೆ ಸತ್ತು ಹೋಗುವುದಿಲ್ಲವೋ ಎಂದು ಅಮದಳ್ಳಿಯವರೆಗೂ ಕೇಳುತ್ತಲೇ ಇದ್ದಳು. ಅವನು ಒಂದೊಂದಕ್ಕೂ ಉತ್ತರ ಕೊಟ್ಟ. ನಾಟಿಕೋಳಿ. ತಂಗಿಯ ಮನೆಗೆ. ಇಲ್ಲ, ಸಾಯುವುದಿಲ್ಲ. ಹೇಳುತ್ತ ಹೋದ ಹಾಗೆ ಚೀಲದೊಳಗಿನ ಚೂರಿಗಿಂತ ಆ ಕೋಳಿಯೇ ಹೆಚ್ಚು ನಿಜವಾಗತೊಡಗಿತು. ಐವತ್ತೇಳು ವರ್ಷದ ತಾನು, ಅಂಕೋಲೆಯಲ್ಲಿ ಮೂರು ತಲೆಮಾರಿನಿಂದ ಕತ್ತಿ ಬಡಿಯುವ ಮನೆಯವನು, ಗುರುತಿಲ್ಲದ ಹೆಂಗಸಿನ ಎದುರು ಕೈ ನಡುಗುತ್ತದೆ ಎಂದು ಒಪ್ಪಿಕೊಳ್ಳಲಾರದೆ ಕೋಳಿ ಸಾಕುತ್ತಿದ್ದೇನೆ ಎಂದುಕೊಂಡ. ನಗು ಬರಲಿಲ್ಲ. ಅವಳು ಅರ್ಗಾದಲ್ಲಿ ಇಳಿದು ಹೋದ ಮೇಲೂ ಅವನು ಚೀಲವನ್ನು ಎಡಗೈಗೆ ಬದಲಾಯಿಸಲಿಲ್ಲ. ಬದಲಾಯಿಸಿದರೆ ತನಗೆ ತಾನೇ ಒಪ್ಪಿಕೊಂಡ ಹಾಗಾಗುತ್ತದೆ.

ನಡುಕ ಸುರುವಾಗಿ ಎರಡು ವರ್ಷವಾಗಿತ್ತು. ಮೊದಲು ಚಾದ ಲೋಟದಲ್ಲಿ ಕಂಡಿತು, ಆಮೇಲೆ ಸುತ್ತಿಗೆಯಲ್ಲಿ. ಕಾದ ಕಬ್ಬಿಣದ ಮೇಲೆ ಬೀಳಬೇಕಾದ ಪೆಟ್ಟು ಅಡಿಗಲ್ಲಿನ ಅಂಚಿಗೆ ಬಿದ್ದು ಕಿಡಿ ಹಾರಿದ ದಿನ, ಕುಲುಮೆಗೆ ಗಾಳಿ ಊದುವ ಬ್ಲೋವರಿನ ಹತ್ತಿರ ಕೂತಿದ್ದ ಹೆಂಡತಿ ಲಲಿತಾ ಎದ್ದು ಬಂದು ಅವನ ಕೈಯಿಂದ ಸುತ್ತಿಗೆ ತೆಗೆದುಕೊಂಡಿದ್ದಳು. ಬಿದ್ದ ಚಮಚ ಎತ್ತಿಕೊಂಡಷ್ಟೇ ಸಹಜವಾಗಿ. ಮದುವೆಯಾಗಿ ಬಂದಾಗಿನಿಂದ ಅವಳು ಅವನೆದುರು ನಿಂತು ಘನ ಎತ್ತಿದವಳೇ. ಎರಡು ಕೈಯಲ್ಲಿ ಎತ್ತುವ ಆ ದೊಡ್ಡ ಸುತ್ತಿಗೆಯನ್ನು ಅವನು ತೋರಿಸಿದಲ್ಲಿ ಇಳಿಸಿದವಳೇ. ತೋರಿಸುವ ಕೈ ಹೋದ ಮೇಲೆ ಎಲ್ಲಿ ಇಳಿಸಬೇಕೆಂದು ಅವಳಿಗೆ ತಿಳಿದೇ ಇತ್ತು ಎಂಬುದು ಅವನನ್ನು ಬೆಚ್ಚಿಬೀಳಿಸಿತು. ಇಪ್ಪತ್ತೆಂಟು ವರ್ಷ ಅವಳು ನೋಡುತ್ತಿದ್ದಳೆಂದು ಅವನಿಗೆ ಹೊಳೆದೇ ಇರಲಿಲ್ಲ. ಆ ವಾರವೇ ಅವನು ಕಮ್ಮಾರಸಾಲೆಯ ಬಾಗಿಲಿನ ರಸ್ತೆ ಕಡೆಯ ಪಡಿಯನ್ನು ಮುಚ್ಚಿದ. ಗಾಳಿಗೆ ಬೂದಿ ಹಾರುತ್ತದೆ ಅಂದ. ಘನ ಬೀಳುವಾಗ ಅವನು ಒಳಗೆ ಇಕ್ಕಳ ಹಿಡಿಯುತ್ತಿದ್ದ, ಸಣ್ಣ ಸುತ್ತಿಗೆಯ ಕೆಲಸ ಅವಳೊಬ್ಬಳದೇ. ಕತ್ತಿ ತರುವವರಿಗೆ, ಒಯ್ಯುವವರಿಗೆ ಅವನು ಹೊರಗೆ ಕಲ್ಲಿನ ಮೇಲೆ ಕೂತು ಸಿಕ್ಕುತ್ತಿದ್ದ. ಒಳಗಿನಿಂದ ಪೆಟ್ಟಿನ ಸದ್ದು ಬರುತ್ತಿರುವಾಗ ಯಾರಾದರೂ ಬಂದರೆ ಎದ್ದು ಒಳಗೆ ಹೋಗುತ್ತಿದ್ದ, ಸದ್ದು ನಿಲ್ಲುತ್ತಿತ್ತು, ಮುಖ ಒರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದ. ಒರೆಸಿಕೊಳ್ಳಲು ಬೆವರಿರುತ್ತಿರಲಿಲ್ಲ.

ಬಿಣಗಾದ ತಿರುವಿನಲ್ಲಿ ಸಮುದ್ರ ಒಮ್ಮೆ ಕಂಡು ಮರೆಯಾಯಿತು. ಚೂರಿ ಮಾಡಿಸಿದವರು ಸಾಯಿನಾಥ ಬಾಂದೇಕರ. ಕೈಗಾದಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾಗಿ ಹಬ್ಬುವಾಡದಲ್ಲಿ ಮನೆ ಕಟ್ಟಿಕೊಂಡವರು. ಜನವರಿಯಲ್ಲಿ ಕಾರು ಮಾಡಿಕೊಂಡು ಬಂದು, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ ತುಕ್ಕಿನ ಮುದ್ದೆಯೊಂದನ್ನು ಅವನ ಮುಂದೆ ಬಿಚ್ಚಿದ್ದರು. ಅವರ ಅಜ್ಜನ ಬೇಟೆಚೂರಿ. ಕದ್ರಾದ ಕಾಡಿನಲ್ಲಿ ಹಂದಿ ಸಿಗಿಯುತ್ತಿದ್ದುದಂತೆ. "ಈಗ ಬೇಟೆ ಮಾಡಿದ್ರೆ ಜೈಲು, ನಂಗೊತ್ತುಂಟು. ನಂಗೆ ಇದು ಗಾಜಿನ ಕಪಾಟಿನಲ್ಲಿ ಇಡ್ಲಿಕ್ಕೆ. ಆದ್ರೆ ಆಟಿಕೆ ಬೇಡ ಆಚಾರ್ರೆ. ಅಜ್ಜ ಎದ್ದು ಬಂದು ಕೈಯಲ್ಲಿ ಹಿಡಿದ್ರೆ, ಹೌದು ಇದು ನಂದೇ ಅನ್ಬೇಕು. ಬರೋಬರ್ ಹಾಗೆ," ಎಂದಿದ್ದರು. ಅವರು ಮಾತಾಡುವಾಗ ಶಾಂತಾರಾಮ ಬಲಗೈಯನ್ನು ಎಡಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದ. ಗೌರವಕ್ಕೆ ಹಾಗೆ ನಿಂತಿದ್ದಾನೆಂದು ಅವರು ತಿಳಿದಿರಬೇಕು. ಆಗುವುದಿಲ್ಲ ಎನ್ನಬಹುದಿತ್ತು. ಆದರೆ ಕುಡುಗೋಲು, ತೆಂಗಿನಕಾಯಿ ಸುಲಿಯುವ ಕತ್ತಿ, ಮೀನು ಕೊಯ್ಯುವ ಮೆಟ್ಟುಗತ್ತಿ ಬಿಟ್ಟು ಬೇರೆ ಏನನ್ನೂ ಅವನ ಹತ್ತಿರ ಯಾರೂ ಕೇಳಿರಲಿಲ್ಲ. ಇಂಥದ್ದೊಂದು ಕೇಳಲಿ ಎಂದು ಅವನು ಮೂವತ್ತು ವರ್ಷ ಕಾದಿದ್ದ, ಕಾದಿದ್ದೇನೆಂದು ತಿಳಿಯದೆಯೇ. ಕೈ ಹೋದ ಮೇಲೆ ಅದು ಬಂದಿತ್ತು.

ಮೊದಲ ಅಲಗನ್ನು ಕೆಡಿಸಿದ್ದು ಅವನೇ. ಲಾರಿಯ ಹಳೇ ಸ್ಪ್ರಿಂಗಿನ ಪಾಟಾ ಕತ್ತರಿಸಿ, ಕಾಯಿಸಿ, ಲಲಿತಾ ಐದು ದಿನ ಬಡಿದು, ಬೆನ್ನು ಇಳಿಸಿ, ತುದಿ ಎತ್ತಿ, ಅಜ್ಜನ ಚೂರಿಯ ಮೈಯನ್ನು ಹಾಗೇ ತಂದಿದ್ದಳು. ಹದ ಹಾಕುವ ಕೆಲಸವನ್ನಾದರೂ ತಾನು ಮಾಡಬೇಕು ಎಂದು ಅವನಿಗೆ ಅನ್ನಿಸಿತು. ಅದಕ್ಕೆ ಪೆಟ್ಟು ಬೇಡ, ಕಣ್ಣು ಸಾಕು. "ಇದು ಪಾಟಾ. ನೀರಲ್ಲಿ ಬ್ಯಾಡ, ಎಣ್ಣೆಲಿ ಅದ್ದುವ," ಎಂದಳು ಲಲಿತಾ. "ಅಪ್ಪನ ಕಾಲದಿಂದ ಈ ಸಾಲೆಲಿ ನೀರೇ," ಎಂದು ಅವನು ಕೆಂಪಗೆ ಕಾದ ಅಲಗನ್ನು ನೀರಿಗೆ ಇಳಿಸಿದ. ನೀರು ಕೂಗಿ ಸುಮ್ಮನಾದ ಮೇಲೆ, ಬಹಳ ಸಣ್ಣಗೆ, ಗಾಜಿನ ಬಳೆ ಬಿರಿದ ಹಾಗೆ ಟಿಣ್ ಎಂದಿತು. ಇಬ್ಬರೂ ಕೇಳಿದರು. ಅವನು ಅಲಗನ್ನು ಎತ್ತಿ ಬೆಳಕಿಗೆ ಹಿಡಿದು, "ಎಂತದೂ ಆಗಲಿಲ್ಲ," ಎಂದ. ಅಲಗಿನ ಹೊಟ್ಟೆಯಿಂದ ಅಂಚಿನವರೆಗೆ ಕೂದಲಿನಷ್ಟು ತೆಳ್ಳಗೆ ಸೀಳು ಕಾಣುತ್ತಿತ್ತು. ಮರುದಿನ ಅವನು ಏಳುವುದರೊಳಗೆ ಪಾಟಾದ ಉಳಿದ ಅರ್ಧ ಕುಲುಮೆಯಲ್ಲಿತ್ತು. ಎರಡನೆಯದನ್ನು ಪೂರ್ತಿ ಅವಳೇ ಮಾಡಿದಳು. ಅವನು ಇಕ್ಕಳ ಹಿಡಿದ, ಇದ್ದಿಲು ಹಾಕಿದ. ಅದ್ದಿದ ಅಲಗನ್ನು ಮತ್ತೆ ಸಣ್ಣಗೆ ಕಾಯಿಸಿ ಹದ ಇಳಿಸುವಾಗ, ಉಜ್ಜಿದ ಮೈಯ ಮೇಲೆ ಬಣ್ಣ ಮೆಲ್ಲಗೆ ಹಬ್ಬುತ್ತಿದ್ದಾಗ, "ಇನ್ನೂ ಇಡು," ಎಂದು ಅವನು ಹೇಳಿದ್ದನ್ನು ಕೇಳದೆ ತೆಗೆದುಬಿಟ್ಟಳು. "ದೋಸೆ ಅಂಚು ಬಿಡೂವಾಗಿನ ಬಣ್ಣ ಬಂತು, ಸಾಕು," ಎಂದಳು. ಕೊನೆಗೆ ಅಚ್ಚಿನ ಮೊಳೆ ಹಿಡಿದು, "ಎಲ್ಲಿ ಹಾಕೂದು?" ಎಂದು ಕೇಳಿದಳು. ಅವನು ಹಿಡಿಯ ಬುಡದಲ್ಲಿ ಬೆರಳಿಟ್ಟು ತೋರಿಸಿದ. ಒಂದೇ ಪೆಟ್ಟಿಗೆ ಅವನ ಹೆಸರಿನ ಮೊದಲ ಅಕ್ಷರ ಕಬ್ಬಿಣದಲ್ಲಿ ಕೂತಿತು. ಎಮ್ಮೆಕೊಂಬಿನ ಹಿಡಿಯನ್ನು ಎಡಗೈಯಲ್ಲಿ ಅರ ಹಾಕಿ ನಯ ಮಾಡಿದ್ದು ಮಾತ್ರ ಅವನು. ಹಿಡಿಯೂ ಚೂರಿಯೇ ಅಲ್ಲವೇ ಎಂದು ಈಗ ಕಾರವಾರದ ನಿಲ್ದಾಣದಲ್ಲಿ ಇಳಿಯುವಾಗ ಯೋಚಿಸಿದ. ಹಿಡಿ ಇಲ್ಲದೆ ಚೂರಿ ಹಿಡಿಯುವುದು ಹೇಗೆ? ರಿಕ್ಷಾ ಹತ್ತಿ ಹಬ್ಬುವಾಡ ಅಂದ.

ಬಾಂದೇಕರರ ಮನೆಯಲ್ಲಿ ಅವರೊಬ್ಬರೇ ಇರುತ್ತಾರೆಂದು ಅವನು ತಿಳಿದಿದ್ದ. ಹಜಾರದಲ್ಲಿ ಆರೇಳು ಜನ ಕೂತಿದ್ದರು, ಅವರ ಜೊತೆ ಕೆಲಸ ಮಾಡಿದ್ದವರು, ಅಕ್ಕಪಕ್ಕದವರು. ಸೊಸೆ ಯೋಗಿತಾ ಫೋನನ್ನು ಮೂರು ಕಾಲಿನ ಕೋಲಿಗೆ ಸಿಕ್ಕಿಸುತ್ತಿದ್ದಳು. ಚೂರಿಯನ್ನು ಬಾಂದೇಕರರೇ ಬಿಚ್ಚಿದರು. ಅಂಗೈಯಲ್ಲಿಟ್ಟು ತೂಗಿದರು, ಬೆನ್ನಿನ ಮೇಲೆ ಹೆಬ್ಬೆರಳು ಎಳೆದರು, ಯೋಗಿತಾ ಕೊಟ್ಟ ಪೇಪರಿನ ಹಾಳೆಯನ್ನು ಗಾಳಿಯಲ್ಲಿ ಹಿಡಿದು ಕೊಯ್ದರು. ತಾನು ಎರಡಾದದ್ದು ಗೊತ್ತಾಗಲಿಲ್ಲ ಎಂಬಂತೆ ಹಾಳೆ ಕ್ಷಣ ನಿಂತು ಕೆಳಗೆ ಬಿತ್ತು. ಅವರ ಕಣ್ಣಲ್ಲಿ ನೀರು ಬಂತು. ಆ ಗಳಿಗೆಯಲ್ಲಿ ಶಾಂತಾರಾಮ ಅದನ್ನು ಕಾಣುತ್ತಿದ್ದುದು ತಾನು ಮಾಡಿದ ವಸ್ತುವೆಂದಲ್ಲ, ಬರೀ ಚೆಲುವಾದ ವಸ್ತುವೆಂದು. ಅಲ್ಲಿಯವರೆಗೆ ಯಾವ ತಪ್ಪೂ ಆಗಿರಲಿಲ್ಲ.

"ಇಷ್ಟೂ ಒಬ್ಬರೇ ಮಾಡಿದ್ದಾ?" ಯೋಗಿತಾ ಕೇಳಿದಳು. ಫೋನಿನ ಹಿಂದಿನಿಂದ ನಗುತ್ತ, ಉತ್ತರ ಮೊದಲೇ ಗೊತ್ತಿದ್ದವಳ ಹಾಗೆ.

"ಹೌದು," ಎಂದ.

"ಮನೆಯವರಿಗೂ ಈ ಕೆಲಸ ಬರ್ತದಾ?"

ಇಲ್ಲಿ ನಿಲ್ಲಬಹುದಿತ್ತು. ಇದನ್ನು ಅವನು ಆಮೇಲೆ ಎಷ್ಟು ಸಲ ನೆನೆದನೆಂದರೆ ಆ ಪ್ರಶ್ನೆ ಅವನ ಕಿವಿಯಲ್ಲಿ ಯೋಗಿತಾಳ ಧ್ವನಿಯನ್ನೇ ಕಳೆದುಕೊಂಡಿತು. ಯಾರೂ ಅವನ ಕೈ ತಿರುಚಿರಲಿಲ್ಲ. ಪ್ರಶ್ನೆಯ ಒಳಗೇ ಬಾಗಿಲು ತೆರೆದಿತ್ತು, ಬರ್ತದೆ ಎಂಬ ಒಂದು ಶಬ್ದ ಸಾಕಿತ್ತು. "ಅವಳಾ? ಬ್ಲೋವರಿನ ಗುಂಡಿ ಒತ್ತುತಾಳೆ, ಚಾ ಮಾಡ್ತಾಳೆ. ಎರಡರಲ್ಲಿ ಚಾ ಸ್ವಲ್ಪ ಚೊಲೋ ಇರ್ತದೆ," ಎಂದ. ಎಲ್ಲರೂ ನಕ್ಕರು. ಬಾಂದೇಕರರು ತೊಡೆ ತಟ್ಟಿ ನಕ್ಕರು. ತಾನು ಇಷ್ಟು ಜನರನ್ನು, ಅದೂ ಕುರ್ಚಿಯಲ್ಲಿ ಕೂತ ಇಂಥವರನ್ನು ನಗಿಸಬಲ್ಲೆನೆಂದು ಶಾಂತಾರಾಮನಿಗೆ ಗೊತ್ತಿರಲಿಲ್ಲ. ನಗು ಬೆಚ್ಚಗಿತ್ತು. ಅವನು ಅದರೊಳಗೆ ಇಳಿದ. ಹದ ಬಂದದ್ದು ಹೇಗೆ ತಿಳಿಯುತ್ತದೆ ಎಂದು ಕೇಳಿದಾಗ ಕೈಯಾಡಿಸಿ, ಆ ಹೊತ್ತಿನಲ್ಲಿ ಕೈ ನಡುಗುವುದನ್ನೂ ಮರೆತು, ಹೇಳಿದ. "ಯಂತ್ರ ಎಲ್ಲ ಎಂತಕೆ? ದೋಸೆ ಕೆಂಪಗಾಗ್ತದಲ್ಲ, ಆ ಬಣ್ಣ ಅಲಗಿನ ಮೇಲೆ ಬರ್ಬೇಕು. ಅದನ್ನ ಕಾಣೂ ಕಣ್ಣು ಬೇಕು." ಯಾರೋ ವಾಹ್ ಎಂದರು. ದೋಸೆ ಎಂಬ ಮಾತು ಬಾಯಿಂದ ಬಿದ್ದಾಗ ಅದು ತನ್ನದಲ್ಲವೆಂದು ನಾಲಿಗೆಗೆ ಗೊತ್ತಾಯಿತು, ಬೇರೆಯವರ ಲೋಟಕ್ಕೆ ಬಾಯಿ ಇಟ್ಟ ಹಾಗೆ.

ಅವರು ಶಾಲು ಹೊದೆಸಿದರು. ಬಾಂದೇಕರರು ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು. ಆ ಹಿಡಿತದೊಳಗೆ ಕೈ ನಡುಗಿದ್ದನ್ನು ಅವರು ಭಾವ ತುಂಬಿ ಬಂದದ್ದೆಂದು ತಿಳಿದರು. "ಬರುವ ಭಾನುವಾರ ನಾವೇ ಅಂಕೋಲೆಗೆ ಬರ್ತೇವೆ. ನನ್ನ ಸ್ನೇಹಿತ ಒಬ್ಬರಿಗೆ ಇಂಥದೇ ಇನ್ನೊಂದು ಬೇಕು. ನೀವು ಬಡಿಯೂದನ್ನ ಯೋಗಿತಾ ವಿಡಿಯೋ ಮಾಡ್ತಾಳೆ. ಈ ಕೈ ಕೆಲಸ ಮಾಡೂದನ್ನ ನಾನು ಕಣ್ಣಾರೆ ನೋಡ್ಬೇಕು," ಎಂದರು. ಅವನು ತಲೆಯಾಡಿಸಿದ.

ಮರಳುವಾಗ ಬಸ್ಸಿನಲ್ಲಿ ಬೀರಿ ಸಿಕ್ಕಿದಳು. ಹಾಲಕ್ಕಿಯವಳು, ಅವರ ಸಾಲೆಯ ಹಿಂದಿನ ಕೇರಿಯವಳು. ಕಾರವಾರದ ಸಂತೆಯಲ್ಲಿ ಬಸಳೆ, ಹರಿವೆ ಮಾರಿ ಖಾಲಿ ಬುಟ್ಟಿಯನ್ನು ಕಾಲ ಸಂದಿಯಲ್ಲಿಟ್ಟು ಕೂತಿದ್ದಳು. ಶಾಲನ್ನು ಮಡಚಿ ಚೀಲಕ್ಕೆ ತುರುಕಬೇಕೆಂದು ಅವನಿಗೆ ಹೊಳೆಯುವುದರೊಳಗೆ ಅವಳು ಅದರ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

"ಯಾರ್ ಹೊದಸ್ರು ಆಚಾರಿ?"

"ಒಂದ್ ಚೂರಿ ಮಾಡಿ ಕೊಟ್ಟಿದ್ದೆ. ಅವ್ರು."

"ಹೌದಾ! ಲಲ್ತಕ್ಕಂಗೂ ಒಂದ್ ಕೊಟ್ರಾ?"

ಅವನು ಕಿಟಕಿಯ ಕಡೆ ತಿರುಗಿದ. ಬೀರಿಯ ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ಅವನಿಗೆ ತಡೆಯಲಾರದ್ದಾಯಿತು. ಅವಳು ಹೇಳುತ್ತಲೇ ಹೋದಳು. ಹೋದ ವರ್ಷ ಬಡಿಸಿದ ಕುಡುಗೋಲು ಎರಡು ಕೊಯ್ಲು ಬಂದರೂ ಬಾಯಿ ಹೋಗಿಲ್ಲ, ನಿನ್ನ ಕಾಲದ್ದು ಒಂದೇ ಕೊಯ್ಲಿಗೆ ಮೊಂಡಾಗುತ್ತಿತ್ತು, ಸಿಟ್ಟಾಗಬೇಡ ಆಚಾರಿ, ಖರೆ ಹೇಳಿದೆ, ನಮ್ಮ ಕೇರಿಯ ಹೆಂಗಸರೆಲ್ಲ ಹೇಳುತ್ತಾರೆ, ಅವಳ ಕೈಗುಣ ಬೇರೆ. ನಿನ್ನ ಕಾಲ. ಅವನ ಕಾಲ ಮುಗಿದು ಎರಡು ವರ್ಷವಾಯಿತೆಂದು ಸೊಪ್ಪು ಮಾರುವ ಕೇರಿಗೆಲ್ಲ ಗೊತ್ತಿತ್ತು. ಹೊರಗಿನ ಕಲ್ಲಿನ ಮೇಲೆ ಕೂತು, ಒಳಗೆ ಹೋಗಿ, ಬೆವರಿಲ್ಲದ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದಾಗಲೆಲ್ಲ ಅವರು ಕತ್ತಿ ಕೈಗೆ ತೆಗೆದುಕೊಂಡು, ಚೊಲೋ ಆಗಿದೆ ಆಚಾರಿ ಎಂದು ಹೇಳಿ ಹೋಗುತ್ತಿದ್ದರು. ಅವರೆಲ್ಲ ಸೇರಿ ಅವನ ಮಾನ ಕಾಯುತ್ತಿದ್ದರು. ಮುಚ್ಚಿದ ಪಡಿಯ ಹಿಂದೆ ಅಡಗಿಕೊಂಡವನು ಅವನೊಬ್ಬನೇ. ಬಸ್ಸಿನ ಕಿಟಕಿಗಾಜಿನಲ್ಲಿ ಶಾಲು ಹೊದ್ದ ಒಬ್ಬ ಮುದುಕ ಅವನನ್ನು ನೋಡುತ್ತಿದ್ದ. ಶಾಲು ತೆಗೆಯಲು ಈಗ ಆಗುತ್ತಿರಲಿಲ್ಲ. ಬೀರಿ ನೋಡುತ್ತಿದ್ದಳು.

ಮನೆಗೆ ಬಂದಾಗ ಲಲಿತಾ ಹಿತ್ತಲಿನಲ್ಲಿ ಬಂಗಡೆ ಕೊಯ್ಯುತ್ತಿದ್ದಳು. "ಎಂತ ಹೇಳಿದ್ರು?" ಎಂದು ತಲೆಯೆತ್ತದೆ ಕೇಳಿದಳು.

"ಚೊಲೋ ಆಗಿದೆ ಹೇಳಿದ್ರು."

"ಪೇಪರ್ ಕೊಯ್ದು ನೋಡಿದ್ರಾ?"

"ನೋಡಿದ್ರು."

"ಯಾರು ಬಡಿದದ್ದು ಅಂತ ಕೇಳಿದ್ರಾ?"

"ಅದೆಲ್ಲ ಎಂತಕೆ ಕೇಳ್ತ್ರು," ಎಂದ. ಅವಳು ಮೀನಿನ ಕಿವಿರು ಕಿತ್ತು ಬೆಕ್ಕಿಗೆ ಹಾಕಿದಳು. ಶಾಲನ್ನು ಅವನು ಟ್ರಂಕಿನಲ್ಲಿ ಹಳೇ ಚಾದರಗಳ ಅಡಿಗೆ ಇಟ್ಟ. ಇಡುವಾಗ ಯಾರೋ ನೋಡುತ್ತಿದ್ದಾರೆ ಅನ್ನಿಸಿ ಹಿಂತಿರುಗಿದ. ಬೆಕ್ಕು ಇತ್ತು.

ಗುರುವಾರ ಬೆಳಿಗ್ಗೆ ಅವನು ಬಚ್ಚಲಿನಲ್ಲಿ ಮೈಗೆ ನೀರು ಹೊಯ್ದುಕೊಳ್ಳುವಾಗ ಅಡುಗೆಮನೆಯಿಂದ ಯಾರೋ ಗಂಡಸು ಮಾತಾಡುವುದು ಕೇಳಿಸಿತು. ಬಹಳ ಠೀವಿಯ, ತನ್ನ ಮಾತನ್ನು ತಾನೇ ಚಪ್ಪರಿಸುವ ಧ್ವನಿ. ಇಷ್ಟು ಬೆಳಿಗ್ಗೆ ಯಾರು ಬಂದರು ಎಂದುಕೊಂಡ. ಆಮೇಲೆ ನಗು ಕೇಳಿತು, ಆರೇಳು ಜನರ ನಗು, ತೊಡೆ ತಟ್ಟಿದ ಸದ್ದು. ಚೊಂಬು ಕೈಯಲ್ಲೇ ಉಳಿಯಿತು. ಯೋಗಿತಾ ವಿಡಿಯೋವನ್ನು ಅವನ ಫೋನಿಗೆ ಕಳಿಸಿದ್ದಳು, ಫೋನು ಅಡುಗೆಮನೆಯ ಕಿಟಕಿಯಲ್ಲಿ ಚಾರ್ಜಿಗಿತ್ತು. ಧ್ವನಿ ನಿಂತಿತು. ಮತ್ತೆ ಮೊದಲಿನಿಂದ ಸುರುವಾಯಿತು. ಒದ್ದೆ ಮೈಯಲ್ಲಿ ಅವನು ಬಚ್ಚಲಿನ ಗೋಡೆಗೆ ಒರಗಿ ನಿಂತು ತನ್ನನ್ನು ಎರಡನೇ ಸಲ ಕೇಳಿಸಿಕೊಂಡ. ಅವಳು ಅಳಬಹುದು. ಅಥವಾ ಈಗಲೇ ಬಾಗಿಲು ಬಡಿದು, ಎಂತದ್ರಿ ಇದು ಎಂದು ಕೇಳಬಹುದು. ಕೇಳಲಿ, ಕೇಳಿದರೆ ಒಂದು ದಾರಿಯಾಗುತ್ತದೆ, ತಾನೂ ಜೋರು ಮಾಡಬಹುದು. ಆದರೆ ಅವನು ಟವೆಲು ಸುತ್ತಿಕೊಂಡು ಹೊರಗೆ ಬಂದಾಗ ಅವಳು ಒಲೆಯ ಮುಂದೆ ನಿಂತಿದ್ದಳು, ಹುಬ್ಬು ಗಂಟಿಕ್ಕಿಕೊಂಡು.

"ದೋಸೆ ಕೆಂಪಗಾಗೂದಲ್ಲ, ಅಂಚು ಬಿಡೂದು," ಎಂದಳು. "ಕೆಂಪು ಬರೂವರಿಗೆ ಇಟ್ರೆ ಅಲಗು ಮೆತ್ತಗಾಯ್ತು. ಇದನ್ನ ನೋಡಿ ಯಾರಾದ್ರೂ ಹಂಗೇ ಮಾಡಿದ್ರೆ ಅವ್ರ ಪಾಟಾ ಹಾಳು. ತಪ್ಪು ಹೇಳಿದ್ರಿ ನೀವು."

ಅಷ್ಟೇ. ಅವನು ಕಾಯುತ್ತ ನಿಂತ. ಮೈಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವಳು ಚಾ ಬಸಿದು ಲೋಟವನ್ನು ಅವನ ಎಡಗೈಯ ಕಡೆ ಇಟ್ಟಳು. ಎರಡು ವರ್ಷದಿಂದ ಎಡಗೈಯ ಕಡೆಗೇ ಇಡುತ್ತಿದ್ದಳು. ಚಾ ಚೊಲೋ ಇತ್ತು.

ಭಾನುವಾರದ ಸುದ್ದಿಯನ್ನು ಅವನು ಶನಿವಾರ ಮಧ್ಯಾಹ್ನದವರೆಗೂ ಹೇಳಲಿಲ್ಲ. ಮಳೆ ಬರಬಹುದು, ಅವರ ಕಾರು ಕೆಡಬಹುದು, ಯಾರಾದರೂ ಸಾಯಬಹುದು ಎಂದು ಯೋಚಿಸುತ್ತ ಇದ್ದ. ಯಾರೂ ಸಾಯಲಿಲ್ಲ. ಊಟಕ್ಕೆ ಕೂತಾಗ, "ನಾಳೆ ಅವ್ರು ಬರ್ತ್ರು. ಬಡಿಯೂದು ನೋಡ್ಬೇಕಂತೆ," ಎಂದ.

"ಬರ್ಲಿ."

"ನೀನು..." ಎಂದು ಅವನು ನಿಲ್ಲಿಸಿದ.

"ನಾನು ಬ್ಲೋವರಿನ ಗುಂಡಿ ಒತ್ತತೆ, ಚಾ ಮಾಡ್ತೆ," ಎಂದಳು. ಅನ್ನಕ್ಕೆ ಸಾರು ಬಡಿಸುತ್ತಲೇ ಹೇಳಿದಳು. ಮುಖದಲ್ಲಿ ವ್ಯಂಗ್ಯವಿದೆಯೋ ಎಂದು ಅವನು ಹುಡುಕಿದ. ಸಿಕ್ಕಿದ್ದರೆ ಹಗುರವಾಗುತ್ತಿತ್ತು.

ಬಾಂದೇಕರರು, ಯೋಗಿತಾ ಹತ್ತು ಗಂಟೆಗೇ ಬಂದರು. ಬೆಳಕು ಸಾಲದೆಂದು ಯೋಗಿತಾ ಬಾಗಿಲಿನ ಎರಡೂ ಪಡಿ ತೆರೆದಳು. ರಸ್ತೆಯಲ್ಲಿ ನಾಲ್ಕು ಜನ ನಿಂತರು. ಲಲಿತಾ ಬ್ಲೋವರಿನ ಹತ್ತಿರ ಮಣೆ ಹಾಕಿಕೊಂಡು ಕೂತಳು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ತಲೆ ತಗ್ಗಿಸಿ, ಗುಂಡಿ ಒತ್ತುವ ಹೆಂಗಸು ಹೇಗಿರಬೇಕೋ ಹಾಗೆಯೇ. ಅವನು ಕೊಟ್ಟ ವೇಷವನ್ನು ಒಂದು ಹೊಲಿಗೆ ಬಿಚ್ಚದೆ ತೊಟ್ಟುಕೊಂಡಿದ್ದಳು. ಪಾಟಾ ಕಿತ್ತಳೆಯ ಬಣ್ಣಕ್ಕೆ ಬಂತು. ಅವನು ಎಡಗೈಯಲ್ಲಿ ಇಕ್ಕಳ ಹಿಡಿದು ಅದನ್ನು ಅಡಿಗಲ್ಲಿನ ಮೇಲಿಟ್ಟು ಬಲಗೈಯಲ್ಲಿ ಸುತ್ತಿಗೆ ಎತ್ತಿದ. ಎತ್ತುವಾಗ ಒಮ್ಮೆಗೆ, ಯಾವ ಕಾರಣವೂ ಇಲ್ಲದೆ, ಇವತ್ತು ಸರಿಯಾಗಬಹುದು ಎಂಬ ಆಸೆ ಬಂತು. ಪೆಟ್ಟು ಪಾಟಾದ ಅಂಚನ್ನು ಸವರಿ ಅಡಿಗಲ್ಲಿಗೆ ಬಿದ್ದು ಕೈ ಜೋಮು ಹಿಡಿಯಿತು. ಎರಡನೆಯದು ಇಕ್ಕಳಕ್ಕೇ ಬಿತ್ತು. ಕಾದ ತುಂಡು ಹಾರಿ ನೆಲದ ಬೂದಿಯಲ್ಲಿ ಉರುಳಿತು. ಯೋಗಿತಾ, "ಪರ್ವಾಗಿಲ್ಲ, ಇನ್ನೊಮ್ಮೆ," ಎಂದಳು. ಲಲಿತಾ ಎದ್ದು ತುಂಡನ್ನು ಕಟ್ಟಿಗೆಯಿಂದ ನೂಕಿ ಮತ್ತೆ ಬೆಂಕಿಗೆ ಸೇರಿಸಿ ಬಂದು ಕೂತಳು. ಈಗ ಅವಳು ಬರುತ್ತಾಳೆ, ಅಂದಿನ ಹಾಗೆ ಎದ್ದು ಬಂದು ಕೈಯಿಂದ ಸುತ್ತಿಗೆ ತೆಗೆದುಕೊಳ್ಳುತ್ತಾಳೆ ಎಂದು ಅವನು ಕಾದ. ಬೇಡುತ್ತಿದ್ದ ಎಂದೇ ಹೇಳಬೇಕು. ಅವಳು ಗುಂಡಿಯ ಮೇಲೆ ಬೆರಳಿಟ್ಟು ಕೂತೇ ಇದ್ದಳು.

ಬಾಂದೇಕರರು ಅವನ ಕೈಯನ್ನು ನೋಡುತ್ತಿದ್ದರು. ಕಣ್ಣಿಗೊತ್ತಿಕೊಂಡ ಕೈ. "ಆಚಾರ್ರೆ, ಮೈಯಲ್ಲಿ ಹುಷಾರಿಲ್ವಾ?"

ಅವನು ಬಾಯಿ ತೆರೆದ. ಮಾತು ಬರುವ ಮೊದಲೇ ಲಲಿತಾ ಕೂತಲ್ಲಿಂದ ಹೇಳಿದಳು. "ಅವ್ರಿಗೆ ನಿನ್ನೆಯಿಂದ ಜ್ವರ. ಹೇಳಿದ್ರೆ ಕೇಳೂದಿಲ್ಲ. ನೀವು ದೂರದಿಂದ ಬರ್ತ್ರಿ ಅಂತ ಎದ್ದು ನಿಂತ್ರು."

"ಅರೇ, ಮೊದಲೇ ಹೇಳೂದಲ್ವಾ!"

"ಹೌದು, ಜ್ವರ," ಎಂದ ಶಾಂತಾರಾಮ. ತನ್ನ ಬಾಯಿಂದ ಅದು ಎಷ್ಟು ಬೇಗ, ಎಷ್ಟು ಕೃತಜ್ಞತೆಯಿಂದ ಹೊರಗೆ ಬಂತೆಂದರೆ ಅವನಿಗೇ ಅಸಹ್ಯವಾಯಿತು. ಯೋಗಿತಾ ಫೋನು ಕಳಚಿದಳು. ಅವರು ಚಾ ಕುಡಿದರು, ಮಾತ್ರೆ ತೆಗೆದುಕೊಳ್ಳಿ ಎಂದರು, ಇನ್ನೊಂದು ಭಾನುವಾರ ಬರುತ್ತೇವೆ ಎಂದರು. ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿದಾಗ ಅವನ ಕಾಲು ತಾನೇ ಎದ್ದಿತು. ಹೊರಗೆ ಓಡಿದ. ನಿಂತಿದ್ದ ನಾಲ್ಕು ಜನ ಇನ್ನೂ ಅಲ್ಲೇ ಇದ್ದರು. ಗಾಜು ತಟ್ಟಿದ. ಬಾಂದೇಕರರು ಗಾಜು ಇಳಿಸಿದರು.

"ಜ್ವರ ಅಲ್ಲ. ಎರಡು ವರ್ಷದಿಂದ ಕೈ ಹಿಂಗೇ," ಎಂದ. ಉಸಿರು ಸಿಕ್ಕಲಿಲ್ಲ. "ನಿಮ್ಮ ಚೂರಿ ನಾನು ಮಾಡಿದ್ದಲ್ಲ. ಅವಳು ಮಾಡಿದ್ದು. ಪೂರ್ತಿ."

ಬೈಯುತ್ತಾರೆಂದು ಅವನು ಎದೆ ಕೊಟ್ಟು ನಿಂತಿದ್ದ. ಬೈದಿದ್ದರೆ ಪ್ರಸಾದದ ಹಾಗೆ ತೆಗೆದುಕೊಳ್ಳುತ್ತಿದ್ದ. "ಅದರ ಮೇಲೆ ನಿಮ್ಮ ಹೆಸರಿನ ಗುರುತು ಉಂಟಲ್ಲ," ಎಂದರು ಬಾಂದೇಕರರು, ತಗ್ಗಿದ ದನಿಯಲ್ಲಿ. "ನಾನು ಎಲ್ಲರಿಗೂ ಹೇಳಿ ಆಯ್ತಲ್ಲ. ವಿಡಿಯೋ ಎಲ್ಲ ಕಡೆ ಹೋಯ್ತಲ್ಲ." ಮತ್ತೆ ಅವನ ಕಡೆ ನೋಡಿ, ಒಬ್ಬ ಸಭ್ಯ ಮನುಷ್ಯ ಇನ್ನೊಬ್ಬನನ್ನು ಕೇಳಿಕೊಳ್ಳುವ ಹಾಗೆ, "ಇದು ನಮ್ಮಲ್ಲೇ ಇರ್ಲಿ ಆಚಾರ್ರೆ. ಆಗದಾ?" ಎಂದರು. ಆಚೆಯ ಸೀಟಿನಿಂದ ಯೋಗಿತಾ, "ಮಾವ, ಇವರ ಹೆಂಡತಿಯನ್ನೇ ಕೇಳುವ, ಅವರು ಬಡಿಯೂದನ್ನ ತೆಗೆಯುವ," ಎಂದಳು. ಬಾಂದೇಕರರು ಕೈಯೆತ್ತಿ ತಡೆದರು. ಕಾರು ಹೊರಟಿತು. ರಸ್ತೆಯಲ್ಲಿದ್ದವರು ಅವನ ಮುಖ ನೋಡದೆ ಚದುರಿದರು. ಅವರಿಗೆ ಹೊಸತೇನೂ ಕೇಳಿಸಿರಲಿಲ್ಲ.

ಆದರೂ ಒಳಗೆ ಬರುವಾಗ ಅವನಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಿತ್ತು. ಹೇಳಿಬಿಟ್ಟೆನಲ್ಲ. ನಾಲ್ಕು ಜನರ ಎದುರು, ಹಗಲಿನಲ್ಲಿ, ಗಟ್ಟಿಯಾಗಿ. ಲಲಿತಾ ಕೇಳಿಸಿಕೊಂಡಿರಬೇಕು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

"ಹೇಳಿದೆ," ಎಂದ.

"ಕೇಳ್ತು."

ಅವನು ಇನ್ನೂ ಏನನ್ನೋ ಕಾಯುತ್ತ ನಿಂತ. ಅವಳು ಅವನ ಕಡೆ ತಿರುಗಿದಳು. ಸಿಟ್ಟು ಬಂದಾಗ ಅವಳ ಧ್ವನಿ ಯಾವಾಗಲೂ ಇಳಿಯುತ್ತಿತ್ತು.

"ಸುಳ್ಳು ಹೇಳೂವಾಗೂ ನನ್ನ ಕೇಳ್ಲಿಲ್ಲ. ಖರೆ ಹೇಳೂವಾಗೂ ಕೇಳ್ಲಿಲ್ಲ," ಎಂದಳು. "ನಾಳೆ ಆ ಕಾರವಾರದವ್ರೆಲ್ಲ ನನ್ನ ನೋಡೂಕೆ ಬರ್ತ್ರು. ಆಚಾರಿ ಹೆಂಡ್ತಿ ಕಬ್ಬಿಣ ಬಡಿತದಂತೆ ಅಂತ. ನಂಗೆ ಅದು ಬೇಕಾ ಬ್ಯಾಡ್ವಾ, ಒಂದ್ ಮಾತು?"

ಇಳಿದ ಕಲ್ಲು ಇಳಿದಿರಲಿಲ್ಲ. ಗಾಜು ತಟ್ಟುವಾಗಲೂ ತಾನು ಬೀದಿಯ ಎದುರು ನಿಂತು ತನ್ನನ್ನೇ ತೊಳೆದುಕೊಳ್ಳುತ್ತಿದ್ದೆ ಎಂದು ಅವನಿಗೆ ಕಂಡಿತು. ತೊಳೆದ ನೀರೆಲ್ಲ ಇವಳ ಅಂಗಳಕ್ಕೆ. "ಈಗ ಕೇಳ್ತೆ," ಎಂದ. ಏನು ಕೇಳಬೇಕೆಂದು ಹುಡುಕಿದ. ಮೂವತ್ತು ವರ್ಷದಲ್ಲಿ ಅವಳನ್ನು ಏನಾದರೂ ಕೇಳಿದ್ದು ನೆನಪಿದ್ದರಲ್ಲವೇ, ಹೇಗೆ ಕೇಳಬೇಕೆಂದು ತಿಳಿಯಲು.

"ಪಾಟಾ ಬೆಂಕಿಲೇ ಅದೆ," ಎಂದಳು ಲಲಿತಾ. "ಸುಟ್ಟು ಹೋದ್ರೆ ಯಾತಕೂ ಬರೂದಿಲ್ಲ. ಹಿಡೀರಿ."

ತುಂಡು ಉದ್ದವಿತ್ತು, ಘನದ ಪೆಟ್ಟಿಗೆ ಒಂದು ಕೈಯ ಹಿಡಿತ ಸಾಲದು. ಅವನು ಎರಡೂ ಕೈಯಲ್ಲಿ ಇಕ್ಕಳ ಹಿಡಿದು ಅದನ್ನು ಅಡಿಗಲ್ಲಿನ ಮೇಲೆ ತಂದ. ಅವಳು ಘನ ಎತ್ತಿದಳು, ಎತ್ತಿ ನಿಂತಳು, ಇಳಿಸಿದಳು. ಮತ್ತೆ ಎತ್ತಿದಳು, ನಿಂತಳು. ಒಂದು ಪೆಟ್ಟು ಬೇಗ ಬಂದರೆ ಮುಂದಿನದು ತಡವಾಗುತ್ತಿತ್ತು. ಈ ಎರಡು ವರ್ಷ ಇದಕ್ಕಾಗಿ ಅವನು ಅವಳ ಮೇಲೆ ಎಷ್ಟೋ ಸಲ ರೇಗಿದ್ದ, ಹೆಂಗಸರ ಕೈ, ಲಯವಿಲ್ಲ, ಒಂದೇ ಸಮ ಬಡಿ ಎಂದು ಕೂಗಿದ್ದ. ಅವಳು ಯಾವತ್ತೂ ಉತ್ತರ ಕೊಟ್ಟಿರಲಿಲ್ಲ. ಇವತ್ತು ಅವನು ಅವಳ ಕಣ್ಣನ್ನು ನೋಡಿದ. ಅದು ಬೆಂಕಿಯ ಬಣ್ಣದ ಮೇಲಿರಲಿಲ್ಲ, ತುಂಡಿನ ತುದಿಯ ಮೇಲಿತ್ತು. ತುದಿ ನಡುಗುತ್ತಿತ್ತು. ನಡುಗಿ, ಒಂದು ಉಸಿರಿನಷ್ಟು ಹೊತ್ತು ನಿಂತು, ಮತ್ತೆ ನಡುಗುತ್ತಿತ್ತು. ಅದು ನಿಂತ ಆ ಉಸಿರಿನಲ್ಲಿ ಘನ ಬೀಳುತ್ತಿತ್ತು. ಕುಡುಗೋಲು, ಮೆಟ್ಟುಗತ್ತಿ, ಬಾಂದೇಕರರ ಚೂರಿ, ಎಲ್ಲವನ್ನೂ ಅವಳು ಹೀಗೆ ಅವನ ನಡುಕದ ಸಂದಿಯಲ್ಲಿ ಬಡಿದಿದ್ದಳು.

ಕೈ ಅಲ್ಲಾಡಬಾರದೆಂದು ಅವನು ಹಲ್ಲು ಕಚ್ಚಿ ಇಕ್ಕಳವನ್ನು ಬಿಗಿದ. ಬಿಗಿದಷ್ಟೂ ತುದಿ ಹೆಚ್ಚು ನಡುಗಿತು. ಲಲಿತಾ ಘನವನ್ನು ತಲೆಯ ಮೇಲೆ ಎತ್ತಿ ಹಿಡಿದು ಕಾದಳು.